ಗೋಡೆಯೊಳಗಿನ ವಾಲ್ವು

"ತಮ್ಮಾ, ಇಲ್ಲೆ ಬಾ. ಗ್ವಾಡಿ ಬೆವರಾಕತ್ತೈತಿ."

ಅವ್ವ ಕೂಗಿದ್ದು ಬಚ್ಚಲಿನಿಂದ. ಆ ಬಚ್ಚಲು ಇದ್ದದ್ದು ಗಾಲಿಗಳ ಮೇಲೆ. ಆ ಗಾಲಿಗಳು ಆ ಹೊತ್ತಿಗೆ ನಿಂತಿದ್ದದ್ದು ಅಮೆರಿಕದ ಕೊಲರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಎಂಬ ಬೆಟ್ಟದೂರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 7,500 ಅಡಿ ಎತ್ತರದಲ್ಲಿ. ಜೂನ್ ತಿಂಗಳಾದರೂ ಎದುರಿನ ಶಿಖರಗಳ ನೆತ್ತಿಯಲ್ಲಿ ಹಿಮ ಉಳಿದಿತ್ತು. ರಸ್ತೆಯಲ್ಲಿ ಎಲ್ಕ್ ಎಂಬ ದೊಡ್ಡ ಕಡವೆಗಳು ನಮ್ಮೂರ ಎಮ್ಮೆಗಳ ಹಾಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂಬಂತೆ ಓಡಾಡುತ್ತಿದ್ದವು. ಅವನ್ನು ನೋಡುತ್ತ ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಟ್ಟು ಒಳಗೆ ಓಡಿದೆ.

ನನ್ನ ಅಕ್ಕ ಡೆನ್ವರ್ ಹತ್ತಿರ ಇರುತ್ತಾಳೆ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಅನ್ನುತ್ತೇವೆ. ನಿವೃತ್ತಿ ಹತ್ತಿರ ಬಂದ ಹಾಗೆ ಮಾಮಾಗೆ ಒಂದು ಹುಚ್ಚು ಹತ್ತಿತ್ತು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆಯುವ, ಅಡಿಗೆಮನೆ, ಮಂಚ, ಬಚ್ಚಲು ಎಲ್ಲ ಇರುವ ಟ್ರೇಲರ್ ಒಂದನ್ನು ಹಿಂದಿನ ಶರತ್ಕಾಲದಲ್ಲಿ ಯಾರಿಂದಲೋ ಹಳೆಯದನ್ನೇ ಕೊಂಡಿದ್ದರು. ಅಲ್ಲಿ ಇಂಥವಕ್ಕೆಲ್ಲ ಆರ್‌ವಿ ಅನ್ನುತ್ತಾರೆ. ಅವ್ವನನ್ನು ಅಕ್ಕನ ಮನೆಗೆ ಬಿಡಲು ಪುಣೆಯಿಂದ ಹೋದವನು ನಾನು. ಮೊದಲ ಪ್ರವಾಸಕ್ಕೆ ನಮ್ಮಿಬ್ಬರನ್ನೂ ಹತ್ತಿಸಿಕೊಂಡೇ ಬಂದಿದ್ದರು.

ಎಪ್ಪತ್ತಾರು ವರ್ಷದ ಅವ್ವನಿಗೆ ಆ ಗಾಲಿಮನೆ ಮೊದಲ ದಿನವೇ ಇಷ್ಟವಾಯಿತು. ಎರಡನೇ ದಿನ ಅದರ ಗುಟ್ಟು ಗೊತ್ತಾಗಿ ಇಷ್ಟ ಅರ್ಧ ಇಳಿಯಿತು. ಗುಟ್ಟು ಇಷ್ಟೇ: ಆ ಮನೆಯ ಹೊಟ್ಟೆಯಲ್ಲಿ ಮೂರು ಟ್ಯಾಂಕುಗಳಿವೆ. ಒಂದರಲ್ಲಿ ಕುಡಿಯುವ ನೀರು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಅದನ್ನು ಬೂದು ಟ್ಯಾಂಕ್ ಅನ್ನುತ್ತಾರೆ. ಮೂರನೆಯದು ಕಪ್ಪು ಟ್ಯಾಂಕ್, ನೇರ ಸಂಡಾಸದ ಕೆಳಗೆ. ಮಾಮಾರ ಟ್ರೇಲರಿನಲ್ಲಿ ಅದು 30 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ 114 ಲೀಟರು. ತುಂಬಿದ ಮೇಲೆ ಅದನ್ನು ಖಾಲಿ ಮಾಡಲು ಯಾರೂ ಬರುವುದಿಲ್ಲ. ಮನೆಯ ಯಜಮಾನನೇ ಕೈಗವಸು ತೊಟ್ಟು, 3 ಇಂಚಿನ ಸುರುಳಿ ಪೈಪನ್ನು ಒಂದು ಕಡೆ ಟ್ರೇಲರಿಗೆ, ಇನ್ನೊಂದು ಕಡೆ ನೆಲದ ಒಳಚರಂಡಿ ಬಾಯಿಗೆ ಸಿಕ್ಕಿಸಿ ಹಿಡಿಕೆ ಎಳೆಯಬೇಕು. ಮೊದಲು ಕಪ್ಪು, ಆಮೇಲೆ ಬೂದು. ಸಾಬೂನು ನೀರು ಹಿಂದಿನಿಂದ ಬಂದು ಪೈಪನ್ನು ತೊಳೆದುಕೊಂಡು ಹೋಗಲಿ ಅಂತ.

ಅಳಿಯ ಈ ಕೆಲಸ ಮಾಡುವುದನ್ನು ಅವ್ವ ಕಿಟಕಿಯಿಂದ ನೋಡಿಬಿಟ್ಟಳು.

"ಇಂಥಾ ಕೆಲಸಾ ಅಳಿಯಂದಿರು ಮಾಡೂದ? ಕರದ್ರ ಯಾರೂ ಬರೂದಿಲ್ಲೇನು ಇಲ್ಲೆ?"

ಮಾಮಾ ನಕ್ಕರು. "ಅತ್ತೀ, ಇಲ್ಲೆ ನಮ್ಮ ಹೊಲಸಿಗೆ ನಾವ ಮುನಸಿಪಾಲ್ಟಿ."

ಅವ್ವ ನಗಲಿಲ್ಲ. ಆ ದಿನ ಅಳಿಯ ಸ್ನಾನ ಮಾಡಿ ಬರುವವರೆಗೂ ಊಟಕ್ಕೆ ಬಡಿಸಲೂ ಇಲ್ಲ. ಅವರು ಸ್ನಾನ ಮಾಡುವವರೇ ಇದ್ದರು, ಅದು ಬೇರೆ ಮಾತು. ನಾನೂ ಏನು ಕಡಿಮೆಯಿಲ್ಲ. ಸಹಾಯಕ್ಕೆ ಬರಲೇ ಎಂದು ಬಾಯಿಮಾತಿಗೆ ಕೇಳಿ, ಬೇಡ ಅಂದ ಕೂಡಲೇ ಹತ್ತು ಹೆಜ್ಜೆ ಗಾಳಿಗೆ ಎದುರಾಗಿ ನಿಂತಿದ್ದೆ.

ಗೋಡೆ ಬೆವರಿದ್ದು ಮೂರನೆಯ ದಿನ.

ಟ್ಯಾಂಕು ಖಾಲಿಯಾದರೂ ಒಳಗೆ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಅದನ್ನು ತೊಳೆಯಲು ಟ್ರೇಲರಿನ ಹೊರಮೈಯಲ್ಲಿ ಒಂದು ನಲ್ಲಿಬಾಯಿ ಕೊಟ್ಟಿರುತ್ತಾರೆ. ಅದಕ್ಕೆ ತೋಟದ ಪೈಪು ಜೋಡಿಸಿ ನೀರು ಬಿಟ್ಟರೆ ಕಪ್ಪು ಟ್ಯಾಂಕಿನೊಳಗಿನ ಪುಟ್ಟ ಕಾರಂಜಿ ಸುತ್ತಲೂ ಸಿಡಿದು ಗೋಡೆಗಳನ್ನು ತೊಳೆಯುತ್ತದೆ. ಆಗ ಕೆಳಗಿನ ಹಿಡಿಕೆ ತೆರೆದೇ ಇರಬೇಕು. ಮರೆತು ಮುಚ್ಚಿಟ್ಟರೆ ಟ್ಯಾಂಕು ತುಂಬಿ, ಹೋದದ್ದೆಲ್ಲ ಬಂದ ದಾರಿಯಲ್ಲೇ ಮೇಲೆ ಬರುತ್ತದೆ. ಮಾಮಾ ಅಂಥ ಮರೆವಿನವರಲ್ಲ. ಹಿಡಿಕೆ ತೆರೆದೇ ನೀರು ಬಿಟ್ಟಿದ್ದರು. ಆದರೂ ಎರಡು ನಿಮಿಷದಲ್ಲಿ ಬಚ್ಚಲಿನ ಗೋಡೆಯ ಬುಡದಿಂದ ನೀರು ಒಸರತೊಡಗಿತು. ಆಮೇಲೆ ನೆಲದ ಹಾಸಿನ ಅಂಚಿನಲ್ಲಿ ಸಣ್ಣ ಹೊಳೆಯೇ ಹರಿಯಿತು.

"ಮುಟ್ಟಬ್ಯಾಡ್ರೋ, ಅದು ಸಂಡಾಸದ ನೀರು!" ಅವ್ವ ಸೀರೆ ಎತ್ತಿ ಹಿಡಿದು ಮಂಚ ಹತ್ತಿದಳು. ಅಕ್ಕ ಹಳೆಯ ಟವೆಲ್ಲುಗಳನ್ನು ತಂದು ದೂರದಿಂದ ಎಸೆದಳು. ಮಾಮಾ ಹೊರಗೋಡಿ ನಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಒಸರುವುದು ನಿಂತಿತು.

ನಾನು ಪುಣೆ ಹತ್ತಿರದ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸೋರಿಕೆ ಪರೀಕ್ಷೆಯ ವಿಭಾಗ ನೋಡಿಕೊಳ್ಳುವವನು. ಇಪ್ಪತ್ತೈದು ವರ್ಷದಿಂದ ಹೊಟ್ಟೆಗೆ ಅನ್ನ ಹಾಕಿದ್ದು ಸೋರಿಕೆಯೇ. ಆ ಕೆಲಸದಲ್ಲಿ ಮೊದಲ ಪಾಠ ಒಂದು: ಎಲ್ಲಿ ಸೋರುತ್ತಿದೆ ಅನ್ನುವುದಕ್ಕಿಂತ ಮೊದಲು, ಯಾವಾಗ ಸೋರುತ್ತದೆ ಅಂತ ಕೇಳು. ಸಂಡಾಸದ ಫ್ಲಶ್ ಒತ್ತಿಸಿದೆ, ಸೋರಲಿಲ್ಲ. ಸಿಂಕಿನಲ್ಲಿ ನೀರು ಬಿಡಿಸಿದೆ, ಸೋರಲಿಲ್ಲ. ಹೊರಗಿನ ತೊಳೆಯುವ ಪೈಪಿನ ನಲ್ಲಿ ತಿರುಗಿಸಿದ ಮರುಗಳಿಗೆಗೆ ಗೋಡೆಯೊಳಗೆ ಚಟಪಟ ಸದ್ದು. ನಿಲ್ಲಿಸಿದರೆ ನಿಂತಿತು.

ಹಾಗಾದರೆ ಅದು ಟ್ಯಾಂಕಿನಿಂದ ಬರುತ್ತಿರುವ ನೀರಲ್ಲ, ಟ್ಯಾಂಕಿಗೆ ಹೋಗುತ್ತಿರುವ ನೀರು. ಹೊಲಸಲ್ಲ, ಹೊಲಸು ತೊಳೆಯಲು ಹೊರಟ ಚೊಕ್ಕ ನೀರು, ಅರ್ಧದಾರಿಯಲ್ಲೇ ಚೆಲ್ಲುತ್ತಿದೆ. ಬಿಳಿ ಕಾಗದದ ಟವೆಲ್ಲನ್ನು ಒದ್ದೆ ಮಾಡಿ ಎಲ್ಲರಿಗೂ ತೋರಿಸಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಾಮಾ ನಂಬಿದರು. ಅಕ್ಕ ಅರ್ಧ ನಂಬಿದಳು. ಅವ್ವ ಮಾತ್ರ ಮಂಚದಿಂದ ಇಳಿಯಲಿಲ್ಲ. "ಎಲ್ಲೆ ಹೊಂಟಿತ್ತು ಅನ್ನೂದು ನೋಡಬೇಕಲಾ," ಅಂದಳು.

ಬೇಸಿನ್ನಿನ ಮೇಲಿನ ಕನ್ನಡಿ ಪೆಟ್ಟಿಗೆಗೆ ನಾಲ್ಕು ಸ್ಕ್ರೂ. ಬಿಚ್ಚಿ ತೆಗೆದರೆ ಹಿಂದೆ ಟೊಳ್ಳು ಗೋಡೆ. ಮೊಬೈಲ್ ದೀಪ ಹಚ್ಚಿ ನೋಡಿದೆ. ಹೊರಗಿನ ನಲ್ಲಿಬಾಯಿಯಿಂದ ಬಂದ ಬಿಳಿ ಪೈಪು ನೇರ ಟ್ಯಾಂಕಿಗೆ ಇಳಿಯದೆ, ಮೊದಲು ಗೋಡೆಯೊಳಗೆ ಎದೆಮಟ್ಟಕ್ಕೆ ಏರಿ, ಅಲ್ಲೊಂದು ವಾಲ್ವಿನ ಮೂಲಕ ತಿರುಗಿ ಮತ್ತೆ ಕೆಳಗಿಳಿದಿತ್ತು. ಅಂಗೈಯಗಲದ ಪ್ಲಾಸ್ಟಿಕ್ ವಾಲ್ವು. ತಲೆಕೆಳಗಾದ ಯು ಆಕಾರ, ನೆತ್ತಿಗೊಂದು ಟೋಪಿ. ಟೋಪಿಯ ಕೆಳಗೆ ಕೂದಲೆಳೆಯಂಥ ಬಿರುಕು, ಅರ್ಧ ಸುತ್ತು. ಅಲ್ಲಿಂದಲೇ ನೀರು ಚಿಮ್ಮುತ್ತಿತ್ತು.

ಕಾರಣ ಊಹಿಸಲು ಕಷ್ಟವಿರಲಿಲ್ಲ. ಆ ಕಡೆ ಚಳಿಗಾಲ ಬರುವ ಮೊದಲು ಇಂಥ ಗಾಡಿಗಳ ಪೈಪುಗಳಲ್ಲಿ ನೀರು ಉಳಿಯದ ಹಾಗೆ ನೋಡಿಕೊಂಡು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿಡುತ್ತಾರೆ. ಮಾಮಾ ಅದನ್ನು ಶ್ರದ್ಧೆಯಿಂದ ಮಾಡಿದ್ದರು. ಆದರೆ ಆ ದ್ರವವನ್ನು ಪಂಪು ತಳ್ಳುವುದು ಅಡಿಗೆಮನೆ, ಬಚ್ಚಲಿನ ನಲ್ಲಿಗಳಿಗೆ ಮಾತ್ರ. ಟ್ಯಾಂಕು ತೊಳೆಯುವ ಪೈಪಿಗೆ ಪಂಪಿನ ಸಂಬಂಧವೇ ಇಲ್ಲ. ಅದರಲ್ಲಿ ಹಿಂದಿನ ಯಜಮಾನನ ಕಾಲದ ಒಂದು ಬೊಗಸೆ ನೀರು ಉಳಿದಿತ್ತೋ ಏನೋ. ನೀರು ಮಂಜುಗಡ್ಡೆಯಾದರೆ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ಕಿಗೆ ಅಷ್ಟು ಸಾಕು.

"ಇಷ್ಟ ಏನು?" ಮಾಮಾ ಹಗುರಾದರು. "ಆ ವಾಲ್ವ್ ಕಿತ್ತು ಒಗದು, ನಡುವ ಒಂದು ಪೈಪಿನ ತುಂಡು ಹಾಕಿ ಸೀದಾ ಜೋಡಿಸಿಬಿಡೂಣು. ನೀರು ಹೋಗಬೇಕು, ಹೋಗ್ತತಿ."

ಪಕ್ಕದ ಟ್ರೇಲರಿನ ಹಿರಿಯರೊಬ್ಬರು ಗದ್ದಲ ಕೇಳಿ ಬಂದಿದ್ದರು. ಅವರೂ ಅದನ್ನೇ ಹೇಳಿದರು: ಬಹಳ ಜನ ಹಾಗೇ ಮಾಡಿಕೊಂಡಿದ್ದಾರೆ, ಏನೂ ಆಗಿಲ್ಲ. ತಮ್ಮ ಪೆಟ್ಟಿಗೆಯಿಂದ ಒಂದು ಪೈಪಿನ ತುಂಡನ್ನೂ ತಂದು ಕೊಟ್ಟರು. ಹತ್ತು ನಿಮಿಷದ ಕೆಲಸ. ಮಧ್ಯಾಹ್ನಕ್ಕೆ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಘಾಟಿರಸ್ತೆ ಹತ್ತುವ ಕಾರ್ಯಕ್ರಮವೂ ಇತ್ತು.

ನಾನು ಬೇಡ ಅಂದೆ. ಮಾಮಾರ ಮಾತಿಗೆ ಎದುರಾಡಿದ್ದು ಮದುವೆಯಾದ ಮೂವತ್ತು ವರ್ಷದಲ್ಲಿ ಅದೇ ಮೊದಲಿರಬೇಕು. ಅಕ್ಕ ನನ್ನನ್ನು ಕಣ್ಣಲ್ಲೇ ಗದರಿದಳು.

ಆ ವಾಲ್ವು ನೀರು ಕಳಿಸಲು ಇರುವುದಲ್ಲ. ಕಳಿಸಿದ ನೀರು ವಾಪಸು ಬರದಿರಲಿ ಅಂತ ಇರುವುದು. ಹಳ್ಳಿಯಲ್ಲಿ ಬ್ಯಾರಲ್ಲಿನಿಂದ ಡೀಸೆಲ್ ತೆಗೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪೈಪಿನ ಒಂದು ತುದಿ ಬ್ಯಾರಲ್ಲಿನಲ್ಲಿ ಮುಳುಗಿಸಿ ಇನ್ನೊಂದು ತುದಿಯನ್ನು ಬಾಯಿಂದ ಒಮ್ಮೆ ಜಗ್ಗಿದರೆ ಸಾಕು, ಆಮೇಲೆ ಡೀಸೆಲ್ ತಾನೇ ಏರಿ ಇಳಿದು ಬರುತ್ತದೆ. ಊರ ನೀರಿನ ಕೊಳವೆಯಲ್ಲಿ ಒತ್ತಡ ಹಠಾತ್ತನೆ ಬಿದ್ದರೆ, ಎಲ್ಲೋ ಮುಖ್ಯ ಕೊಳವೆ ಒಡೆದರೆ, ಬೆಂಕಿ ಆರಿಸಲು ಒಮ್ಮೆಲೇ ನೀರು ಎಳೆದರೆ, ಆ ಕೊಳವೆಯೇ ಜಗ್ಗುವ ಬಾಯಿಯಾಗುತ್ತದೆ. ಆ ಹೊತ್ತಿಗೆ ನಮ್ಮ ಪೈಪಿನ ಇನ್ನೊಂದು ತುದಿ ತುಂಬಿದ ಕಪ್ಪು ಟ್ಯಾಂಕಿನಲ್ಲಿ ಮುಳುಗಿದ್ದರೆ?

ವಾಲ್ವಿನೊಳಗೆ ಒಂದು ಪುಟ್ಟ ಬಿಲ್ಲೆ ಇರುತ್ತದೆ. ನೀರು ಒತ್ತಿ ಬಂದಾಗ ಬಿಲ್ಲೆ ಮೇಲೆದ್ದು ಟೋಪಿಯ ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಒತ್ತಡ ಹೋದರೆ ಬಿಲ್ಲೆ ಬಿದ್ದು ಕಿಂಡಿ ತೆರೆದು ಗಾಳಿ ಒಳನುಗ್ಗುತ್ತದೆ. ಗಾಳಿ ಹೊಕ್ಕರೆ ಜಗ್ಗುವ ಎಳೆ ಕಡಿಯಿತು. ಹೊಲಸು ನೀರು ಹೊಲಸಿನ ಕಡೆಯೇ ಉಳಿಯಿತು. ಇಷ್ಟೇ ಅದರ ಕೆಲಸ. ವರ್ಷಗಟ್ಟಲೆ ಅದು ಏನೂ ಮಾಡದೆ ಕೂತಿರುತ್ತದೆ. ಅದಕ್ಕೇ ಜನ ಅದನ್ನು ಕಿತ್ತೊಗೆಯುತ್ತಾರೆ, ಅದಕ್ಕೇ ಅವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ.

ಆಗಿರುವುದೂ ಉಂಟು. 1933ರಲ್ಲಿ ಷಿಕಾಗೋದಲ್ಲಿ ವಿಶ್ವಮೇಳ ನಡೆದಾಗ ಹೊರಗಿನಿಂದ ಬಂದ ಜನರಲ್ಲಿ ಆಮಶಂಕೆ ಹಬ್ಬಿ ಸುಮಾರು ನೂರು ಮಂದಿ ಸತ್ತರು. ಹುಡುಕುತ್ತ ಹೋದರೆ ಸಿಕ್ಕಿದ್ದು ಹೋಟೆಲುಗಳ ಪೈಪು ಜೋಡಣೆಯ ದೋಷ: ಹೊಲಸು ನೀರು ಕುಡಿಯುವ ನೀರಿಗೆ ಸೇರಲು ದಾರಿ ಇತ್ತು. ನಮಗೆ ಅಷ್ಟು ದೂರವೂ ಹೋಗಬೇಕಿಲ್ಲ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ಬೆಳೆದವರಿಗೆ ಗೊತ್ತು, ನಲ್ಲಿ ಬಂದ ಮೊದಲ ಐದು ನಿಮಿಷದ ನೀರನ್ನು ಯಾರೂ ಕೊಡಕ್ಕೆ ಹಿಡಿಯುವುದಿಲ್ಲ. ನೀರು ನಿಂತ ದಿನಗಳಲ್ಲಿ ಖಾಲಿ ಕೊಳವೆ ತನ್ನ ಬಿರುಕುಗಳಿಂದ ಪಕ್ಕದ ಗಟಾರವನ್ನು ಒಳಗೆಳೆದುಕೊಂಡಿರುತ್ತದೆ.

ಮಾಮಾ ಕ್ಯಾಂಪಿನ ಒಂದೇ ನಲ್ಲಿಗೆ ಎರಡು ಬಾಯಿಯ ಕವಲು ಹಾಕಿದ್ದರು. ಒಂದು ಬಾಯಿಂದ ತೊಳೆಯುವ ಪೈಪು, ಇನ್ನೊಂದರಿಂದ ನಾವು ಕುಡಿಯುವ ನೀರು. ಅದೇ ಕೊಳವೆ ಮುಂದೆ ಪಕ್ಕದ ಹಿರಿಯರ ಟ್ರೇಲರಿಗೆ, ಅದರಾಚೆ ಎರಡು ಸಣ್ಣ ಮಕ್ಕಳಿದ್ದ ಕುಟುಂಬಕ್ಕೆ. ಕ್ಯಾಂಪಿನ ನಲ್ಲಿಯಲ್ಲೂ ಇಂಥ ತಡೆ ಇದ್ದೀತು. ಆದರೆ ಬೇರೆಯವರು ಹಾಕಿದ ತಡೆಯನ್ನು ನಂಬಿ ನಮ್ಮದನ್ನು ಕಿತ್ತುಹಾಕುವುದು ಯಾವ ನ್ಯಾಯ?

ಇದನ್ನೆಲ್ಲ ಹೇಳಿದ ಮೇಲೆ ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಲವ್‌ಲ್ಯಾಂಡಿಗೆ ಹೋಗಿ ಹೊಸಾದು ತರೂಣು," ಅಂದರು. ಹಿರಿಯರು ತಮ್ಮ ಪೈಪಿನ ತುಂಡನ್ನು ವಾಪಸು ತೆಗೆದುಕೊಂಡು ಹೋದರು. ತಮ್ಮ ಗಾಡಿಯಲ್ಲಿ ಅದನ್ನೇ ಹಾಕಿದ್ದಾರೋ ಏನೋ, ನಾನು ಕೇಳಲಿಲ್ಲ.

ಸಂಜೆ ಅವ್ವ ಮಂಚದಿಂದ ಇಳಿದಿದ್ದಳು. ಆದರೆ ಬಚ್ಚಲಿಗೆ ಕಾಲಿಡಲು ಒಪ್ಪದೆ ಕ್ಯಾಂಪಿನ ಸಾಮೂಹಿಕ ಶೌಚಾಲಯದವರೆಗೂ ಚಳಿಯಲ್ಲಿ ನಡೆದು ಬಂದಳು. ನನಗೆ ಕೆಟ್ಟದೆನಿಸಿತು. ಅವಳನ್ನು ಅಡಿಗೆಮನೆಯ ಸಿಂಕಿನ ಮುಂದೆ ನಿಲ್ಲಿಸಿ ತೋರಿಸಿದೆ.

"ನೋಡವ್ವ, ನಲ್ಲಿ ಬಾಯಿ ಎಲ್ಲೈತಿ? ಸಿಂಕಿನ ಅಂಚಿಗಿಂತ ಮ್ಯಾಲೆ. ಸಿಂಕು ತುಂಬಿ ಚೆಲ್ಲಿದ್ರೂ ನೀರು ನಲ್ಲಿಗೆ ಮುಟ್ಟೂದಿಲ್ಲ. ನಡುವ ಗಾಳಿ ಐತಿ. ಎಲ್ಲಾಕ್ಕಿಂತ ಭದ್ರ ತಡಿ ಇದ. ವಾಲ್ವು ಬೇಕಾಗಿಲ್ಲ, ರಬ್ಬರ್ ಬೇಕಾಗಿಲ್ಲ. ಮ್ಯಾಲಿಂದ ಕೆಳಗ ಬೀಳತೈತಿ, ಕೆಳಗಿಂದ ಮ್ಯಾಲೆ ಹೋಗಾಕ ದಾರಿನ ಇಲ್ಲ."

ನಮ್ಮ ಕೆಲಸದಲ್ಲಿ ಇದಕ್ಕೆ ಗಾಳಿಯಂತರ ಅನ್ನಬಹುದು. ನಲ್ಲಿಯ ಬಾಯಿಗೂ ಪಾತ್ರೆಯ ಅಂಚಿಗೂ ನಡುವೆ ಕನಿಷ್ಠ ನಲ್ಲಿಬಾಯಿಯ ಎರಡರಷ್ಟು ಅಗಲ ಬಿಡಬೇಕು ಅನ್ನುವುದು ರೂಢಿಯ ನಿಯಮ. ಅದನ್ನೂ ಹೇಳಿದೆ. ಅವ್ವ ನಲ್ಲಿಯನ್ನೂ ಸಿಂಕನ್ನೂ ನೋಡುತ್ತ ನಿಂತಳು.

"ಅಂದ್ರ," ಅಂದಳು, "ನಾವು ಆಕಿಗೆ ನೀರು ಹಾಕ್ತಿದ್ವೆಲ್ಲ, ಹಂಗ."

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ನಮ್ಮೂರು ಹಾವೇರಿ ಕಡೆ, ಸವಣೂರಿಗೆ ದೂರವೇನಲ್ಲ. 1978ರ ಆಸುಪಾಸು ನನಗೆ ಆರು ವರ್ಷ. ಮನೆಯ ಹಿತ್ತಲ ಗೋಡೆಗೆ ಹೊರಗಿನ ಸಂದಿಯಿಂದ ತೆರೆಯುವ ಒಂದು ತಗಡಿನ ಬಾಗಿಲಿತ್ತು, ಮೊಳದೆತ್ತರದ್ದು. ಅದರ ಹಿಂದೆ ನಮ್ಮ ಸಂಡಾಸದ ಡಬ್ಬಿ. ಬೆಳಗಿನ ಜಾವ ಆ ಬಾಗಿಲು ಕಿರ್ರೆನ್ನುವ ಸದ್ದು, ತಗಡಿಗೆ ತಗಡು ತಾಗುವ ಸದ್ದು ಹಾಸಿಗೆಯಲ್ಲೇ ಕೇಳುತ್ತಿತ್ತು. ಒಬ್ಬ ಹೆಂಗಸು ಬರುತ್ತಿದ್ದಳು. ಮುಖ ನನಗೆ ನೆನಪಿಲ್ಲ, ನೋಡಿದ್ದೇನೋ ಇಲ್ಲವೋ. ಸದ್ದು ನೆನಪಿದೆ. ಬೇಸಿಗೆಯಲ್ಲಿ ಕೆಲವೊಮ್ಮೆ ನೀರು ಕೇಳುತ್ತಿದ್ದಳು. ಆಗ ಅವ್ವ ಹಿತ್ತಲ ಕಟ್ಟೆಯ ಮೇಲೆ ನಿಂತು ತಂಬಿಗೆ ಎತ್ತಿ ಹಿಡಿದು ಸುರಿಯುತ್ತಿದ್ದಳು. ಆಕೆ ಕೆಳಗೆ ಬಗ್ಗಿ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ತಂಬಿಗೆಗೂ ಬೊಗಸೆಗೂ ನಡುವೆ ಗಾಳಿ. ಎರಡರಷ್ಟಲ್ಲ, ಹತ್ತರಷ್ಟು ಅಗಲ.

ತಲೆಯ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಕರ್ನಾಟಕದಲ್ಲಿ ನಿಷೇಧಿಸಿದ್ದರು. ನಮ್ಮ ಹಿತ್ತಲ ಸಂದಿಗೆ ಆ ಸುದ್ದಿ ಬರಲು ತಡವಾಯಿತು. ಇಡೀ ದೇಶಕ್ಕೆಂದು 1993ರಲ್ಲಿ ಒಂದು ಕಾಯ್ದೆ ಬಂತು. ಅದು ಸಾಲದೆ 2013ರಲ್ಲಿ ಇನ್ನೊಂದು. ನಡುವೆ, 2010ರ ಜುಲೈನಲ್ಲಿ, ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಓದಿದಾಗ ನಾನು ಪುಣೆಯಲ್ಲಿದ್ದೆ. ಪತ್ರಿಕೆ ಮಡಚಿಟ್ಟು ಕೆಲಸಕ್ಕೆ ಹೋಗಿದ್ದೆ. ನಮ್ಮೂರ ಕಡೆಯ ಸುದ್ದಿ ಅಂತ ಯಾರಿಗೂ ಹೇಳಿರಲಿಲ್ಲ.

"ಆಕಿ ಹೆಸರೇನಿತ್ತವ್ವ?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡೇ ಕೇಳಿದ್ದು. ಅವ್ವ ಥಟ್ಟನೆ ಹೇಳಿದಳು. ಹೆಸರಷ್ಟೇ ಅಲ್ಲ, ಆಕೆಗೆ ಮೂವರು ಮಕ್ಕಳು, ನಡುವಿನವನು ನನ್ನದೇ ವಾರಿಗೆ, ಒಂದು ಮಳೆಗಾಲ ಆಕೆ ಬರದೇ ಹೋದಾಗ ಮಗನೇ ಬಂದು ಡಬ್ಬಿ ಒಯ್ದ, ಎಲ್ಲವನ್ನೂ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆಕೆಯ ಮೊಮ್ಮಕ್ಕಳು ಎಲ್ಲೋ ಇದ್ದಾರು. ಅವರನ್ನು ಕೇಳದೆ ಬರೆಯುವ ಹಕ್ಕು ನನಗಿಲ್ಲ.

"ಹೆಸರು ಗೊತ್ತಿದ್ರೂ ಕರೀತಿದ್ದಿಲ್ಲ," ಅವ್ವ ಅಂದಳು. "ಯಾರೂ ಕರೀತಿದ್ದಿಲ್ಲ. ನಾನೂ ಕರೀಲಿಲ್ಲ." ಆಮೇಲೆ ಸಿಂಕಿನ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡು ಮಲಗಲು ಹೋದಳು.

ಗಾಳಿಯಂತರ ಪೈಪಿಗೆ ಬೇಕಾದದ್ದು. ಹೊಲಸು ಚೊಕ್ಕದ್ದನ್ನು ಮುಟ್ಟದಿರಲಿ ಅಂತ ಪೈಪಿನಲ್ಲಿ ಒಂದು ಬಿಲ್ಲೆ ಇಟ್ಟರೆ ಸಾಕಿತ್ತು, ಗೋಡೆಯಲ್ಲಿ ಒಂದು ಅಂತರ ಬಿಟ್ಟರೆ ಸಾಕಿತ್ತು. ನಾವು ಆ ಬಿಲ್ಲೆಯ ಜಾಗದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದ್ದೆವು. ಆಕೆ ಇದ್ದದ್ದರಿಂದಲೇ ನಮ್ಮ ಮನೆ ಚೊಕ್ಕವಿತ್ತು, ಆಕೆಯನ್ನೇ ಹೊಲಸು ಅಂದೆವು. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಹೊರಗೆ ಎಲ್ಕ್‌ಗಳು ಟ್ರೇಲರಿನ ಪಕ್ಕದಲ್ಲೇ ಹುಲ್ಲು ಹರಿಯುವ ಸದ್ದು ಕೇಳುತ್ತಿತ್ತು.

ಮರುದಿನ ಕಣಿವೆಯಿಳಿದು ಲವ್‌ಲ್ಯಾಂಡಿಗೆ ಸುಮಾರು 30 ಮೈಲಿ ಹೋಗಿ ಹೊಸ ವಾಲ್ವು ತಂದೆವು. ಬೆಲೆ ಹದಿನೈದು ಡಾಲರಿನೊಳಗೆ. ಮಾಮಾ ಎರಡು ಕೊಂಡರು. ಇನ್ನೊಂದು ಮುಂದಿನ ಚಳಿಗಾಲಕ್ಕೆ ಎಂದರು. "ಮುಂದಿನ ಚಳಿಗಾಲದಾಗ ಆ ಪೈಪಿಗೆ ಗಾಳಿ ಊದಿ ನೀರು ಹೊರಗ ಹಾಕಿಬಿಡ್ರಿ, ಇನ್ನೊಂದು ಬೇಕಾಗೂದಿಲ್ಲ," ಅಂದೆ. "ಆತು, ಗುರುಗಳ," ಅಂದರು.

ಕೆಲಸಕ್ಕೆ ಇಬ್ಬರು ಬೇಕಿತ್ತು. ಒಬ್ಬ ಗೋಡೆಯೊಳಗೆ ಎರಡೂ ಕೈ ಹಾಕಬೇಕು, ಇನ್ನೊಬ್ಬರು ದೀಪ ಹಿಡಿಯಬೇಕು. ಮಾಮಾ ಹೊರಗೆ ನಲ್ಲಿಯ ಹತ್ತಿರ ನಿಂತಿದ್ದರು. ಅಕ್ಕ ಅಂಗಡಿಗೆ ಹೋಗಿದ್ದಳು. ಬಚ್ಚಲಿನ ಬಾಗಿಲಲ್ಲಿ ಅವ್ವ ಬಂದು ನಿಂತಳು. ನಾನು ಕರೆದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಎಲ್ಲೆ ಹಿಡೀಲಿ?"

"ಅಲ್ಲೆ, ಟೊಪಿಗಿ ಮ್ಯಾಲೆ."

ಹಳೆಯ ವಾಲ್ವಿನ ಎರಡು ನಟ್ಟು ಸಡಿಲಿಸಿದಾಗ ಒಳಗೆ ನಿಂತಿದ್ದ ಒಂದಿಷ್ಟು ನೀರು ನನ್ನ ಮೊಣಕೈವರೆಗೂ ಇಳಿಯಿತು, ಎರಡು ಹನಿ ಅವ್ವನ ಕೈಮೇಲೂ ಬಿತ್ತು. ಅವಳು ಕೈ ಹಿಂದೆ ಸರಿಸಲಿಲ್ಲ. ದೀಪ ಒಂದಿಷ್ಟು ಅಲುಗಿತು, ಅಷ್ಟೇ. ಹೊಸದರ ನಟ್ಟಿನೊಳಗೆ ರಬ್ಬರ್ ವಾಶರ್ ಇದ್ದದ್ದರಿಂದ ಟೇಪ್ ಸುತ್ತುವ ಅಗತ್ಯವಿರಲಿಲ್ಲ. ಪ್ಲಾಸ್ಟಿಕ್ಕಿನ ಎಳೆಗಳನ್ನು ಕೈಯಿಂದಲೇ ಹತ್ತಿಸಬೇಕು. ಸೊಟ್ಟ ಹತ್ತಿದರೆ ಕೈಗೆ ಗೊತ್ತಾಗುತ್ತದೆ, ಪಾನಾಗೆ ಗೊತ್ತಾಗುವುದಿಲ್ಲ. ಕೈಬಿಗಿ ಮುಗಿದ ಮೇಲೆ ಪಾನಾದಿಂದ ಕಾಲು ಸುತ್ತು. ಅದಕ್ಕಿಂತ ಹೆಚ್ಚು ತಿರುಗಿಸುವವರು ಮತ್ತೆ ಲವ್‌ಲ್ಯಾಂಡಿಗೆ ಹೋಗಬೇಕಾಗುತ್ತದೆ.

"ಬಿಡ್ರಿ ಮಾಮಾ, ಸಾವಕಾಶ!" ಎಂದು ಕೂಗಿದೆ.

ಪೈಪು ಒಮ್ಮೆ ನಡುಗಿತು. ವಾಲ್ವಿನೊಳಗೆ ಬಿಲ್ಲೆ ಟಕ್ಕೆಂದು ಎದ್ದು ಕೂತ ಸದ್ದು ಕೇಳಿತು. ಕೆಳಗೆ ಟ್ಯಾಂಕಿನಲ್ಲಿ ಕಾರಂಜಿ ಸಿಡಿಯುವ ಸದ್ದು. ಒಣ ಕಾಗದವನ್ನು ಟೋಪಿಯ ಸುತ್ತ, ನಟ್ಟುಗಳ ಕೆಳಗೆ ಒತ್ತಿ ನೋಡಿದೆ. ಐದು ನಿಮಿಷ ಕಾದು ಮತ್ತೆ ಒತ್ತಿದೆ. ಒಣಗಿಯೇ ಇತ್ತು. ನಲ್ಲಿ ನಿಲ್ಲಿಸಿದಾಗ ಬಿಲ್ಲೆ ಬಿದ್ದು, ಕಿಂಡಿಯಿಂದ ನಾಲ್ಕು ಹನಿ ಉದುರಿದವು. ಅವ್ವ ಗಾಬರಿಯಾದಳು. ಅದು ಸೋರಿಕೆಯಲ್ಲ, ವಾಲ್ವು ಉಸಿರು ತೆಗೆದುಕೊಂಡದ್ದು ಎಂದೆ. ಆ ರಾತ್ರಿ ಅವಳು ಆ ಬಚ್ಚಲನ್ನೇ ಬಳಸಿದಳು.

ಒಡೆದ ವಾಲ್ವನ್ನು ಪುಣೆಗೆ ತಂದೆ. ಸೋರಿಕೆ ವಿಭಾಗಕ್ಕೆ ಬರುವ ಹೊಸ ಹುಡುಗರಿಗೆ ತೋರಿಸಲು ಮೇಜಿನ ಮೇಲಿಟ್ಟಿದ್ದೇನೆ. ನೀರನ್ನು ಮುಂದೆ ಕಳಿಸುವ ಭಾಗವನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ, ಹಿಂದೆ ಬರದಂತೆ ತಡೆಯುವುದನ್ನು ಮರೆಯುತ್ತಾರೆ ಅಂತ ಹೇಳುತ್ತೇನೆ. ಅವ್ವನ ಮಾತನ್ನು ಅವರಿಗೆ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದನ್ನೂ ಬರೆಯದಿದ್ದರೆ ಇದು ಅರ್ಧ ಸುಳ್ಳಾಗುತ್ತದೆ. ಊರಿಗೆ ವಾಪಸಾದ ಮರುದಿನ ಬೆಳಿಗ್ಗೆ, ನಿದ್ದೆಗೆಟ್ಟ ಕಣ್ಣಲ್ಲಿ ನಾನೇ ಚಹಾ ಮಾಡುತ್ತಿದ್ದೆ. ಕಪಾಟಿನ ಮೇಲಿನ ಸಾಲಿನಲ್ಲಿ ನಮ್ಮ ಕಪ್ಪುಗಳು. ಸಿಂಕಿನ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಒಂದು ಕಪ್ಪು, ಹಿಡಿ ಸೀಳಿದ್ದು, ಅಂಚಿನಲ್ಲಿ ನೀಲಿ ಗೆರೆ. ಮನೆಗೆಲಸಕ್ಕೆ ಬರುವ ಬಾಯಿಯದ್ದು. ಹನ್ನೊಂದು ವರ್ಷದಿಂದ ಅದು ಅಲ್ಲೇ ಇತ್ತು. ಯಾರು ಇಟ್ಟರು, ಯಾವಾಗ ಇಟ್ಟರು, ನನಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ಇಡಬೇಕೆಂದು ಯಾರೂ ತೀರ್ಮಾನಿಸಿದ ನೆನಪಿಲ್ಲ. ನಮ್ಮ ಕಪ್ಪುಗಳಿಗೂ ಅದಕ್ಕೂ ನಡುವೆ ಒಂದೂವರೆ ಅಡಿ ಅಂತರವಿತ್ತು.

ಆ ಕಪ್ಪನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಬಾಯಿ ಬಂದಾಗ ಮೇಲಿನ ಸಾಲಿನ ಕಪ್ಪಿನಲ್ಲಿ ಚಹಾ ಸುರಿದು ಕಟ್ಟೆಯ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಕಿಟಕಿಯ ಹತ್ತಿರ ಹುಡುಕಿದರು, ಪಾತ್ರೆಗಳ ಬುಟ್ಟಿಯಲ್ಲಿ ಹುಡುಕಿದರು, ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ದಾದಾ, ಮಾಝಾ ಕಪ್ ಕುಠೆ ಗೇಲಾ?" ನನ್ನ ಕಪ್ಪು ಎಲ್ಲಿ ಹೋಯಿತು?

ಏನೆಲ್ಲ ಹೇಳಬೇಕಿತ್ತು. ನನ್ನ ಮರಾಠಿಯಲ್ಲಿ ಅಷ್ಟು ಮಾತಿಲ್ಲ ಎಂದು ಹೇಳಿದರೆ ಅದೂ ನೆಪವೇ. ಇಪ್ಪತ್ತೈದು ವರ್ಷದಿಂದ ಅದೇ ಭಾಷೆಯಲ್ಲಿ ಜಗಳವಾಡಿದ್ದೇನೆ, ಚೌಕಾಸಿ ಮಾಡಿದ್ದೇನೆ.

"ಫುಟಲಾ," ಅಂದೆ. ಒಡೆಯಿತು.

ಅವರು ಆ ಹೊಸ ಕಪ್ಪನ್ನು ಒಂದು ಗಳಿಗೆ ನೋಡಿ, ಎತ್ತಿಕೊಂಡು, ಎಂದಿನಂತೆ ಅಡಿಗೆಮನೆಯ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತು ಕುಡಿದರು. ಊಟದ ಮೇಜಿನಲ್ಲಿ ನಾಲ್ಕು ಕುರ್ಚಿಗಳಿದ್ದವು, ಮೂರು ಖಾಲಿ.